ದಯೆಗೆ ಕಾನೂನು ಬೇಡವೇ?



"ಕೊಡುವವನ ಕೈಯನ್ನು ಕಾನೂನಿನಿಂದ ಕಟ್ಟಬಾರದು, ದಾನ ಮನಸ್ಸಿನಿಂದ ಬರಬೇಕು" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಒಬ್ಬ ವ್ಯಕ್ತಿ ತನ್ನ ಜೇಬಿನಿಂದ ಕೊಡುವಾಗ ಈ ಮಾತಿಗೆ ಬೆಲೆಯಿದೆ. ಆದರೆ ಒಂದು ರಾಷ್ಟ್ರ ಇನ್ನೊಂದು ರಾಷ್ಟ್ರದ ಬಡವರಿಗೆ ನೆರವು ನೀಡುವಾಗಲೂ ಇದನ್ನೇ ಮುಂದಿಡುವವರನ್ನು ಕಂಡರೆ ನನಗೆ ಅನುಮಾನ ಹುಟ್ಟುತ್ತದೆ. ಅಲ್ಲಿ ಕೊಡುವ ಮಂತ್ರಿಯ ಜೇಬು ಅವನದಲ್ಲ, ತೆರಿಗೆ ಕಟ್ಟಿದ ಪ್ರಜೆಗಳದು. ಪಡೆಯುವ ಬಡವನಿಗೋ ಆ ಮಂತ್ರಿಯನ್ನು ಕೆಳಗಿಳಿಸುವ ಮತವಿಲ್ಲ. ಇಬ್ಬರ ನಡುವೆ ನಿಂತು ಲೆಕ್ಕ ಕೇಳಬಲ್ಲದ್ದು ಕಾನೂನು ಒಂದೇ. ಅದನ್ನೂ ತೆಗೆದುಹಾಕಿದರೆ ಉಳಿಯುವುದು ಅರಸನ ಚಿತ್ತ.

ಅರಸನ ಚಿತ್ತದ ರುಚಿಯನ್ನು ನಮ್ಮ ದೇಶ ಚೆನ್ನಾಗಿ ಬಲ್ಲದು. ನಿಮ್ಮಲ್ಲಿ ಅರವತ್ತು ದಾಟಿದವರಿಗೆ ಶಾಲೆಯಲ್ಲಿ ಬಡಿಸುತ್ತಿದ್ದ ಹಳದಿ ಉಪ್ಪಿಟ್ಟು, ಹಾಲಿನ ಪುಡಿ ನೆನಪಿರಬಹುದು. ಅಂಥ ನೆರವು ಮುಖ್ಯವಾಗಿ ಬರುತ್ತಿದ್ದುದು ಪಿ.ಎಲ್. 480 ಎಂದು ಹೆಸರಾದ ಅಮೆರಿಕದ 1954ರ ಕಾಯಿದೆಯಡಿ. ಹಸಿದವರಿಗೆ ಉಣಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು, ನಿಜ. ಆದರೆ ತಮ್ಮ ರೈತರ ಹೆಚ್ಚುವರಿ ಧಾನ್ಯವನ್ನು ಸಾಗಹಾಕುವುದೂ ತಮ್ಮ ವಿದೇಶ ನೀತಿಯನ್ನು ಮುನ್ನಡೆಸುವುದೂ ಅದರಲ್ಲಿ ಬರೆದೇ ಇದ್ದ ಉದ್ದೇಶಗಳು. 1965-66ರ ಬರಗಾಲದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿಯ ಒಪ್ಪಂದವನ್ನು ಬದಿಗಿಟ್ಟು, ಸ್ವಲ್ಪ ಸ್ವಲ್ಪವೇ ಅಳೆದಳೆದು ಗೋಧಿ ಬಿಟ್ಟರು. ಭಾರತ ತನ್ನ ಕೃಷಿ ನೀತಿಯನ್ನು ಬದಲಿಸಲಿ ಎಂಬುದು ಒಂದು ಕಾರಣ; ವಿಯೆಟ್ನಾಂ ಯುದ್ಧವನ್ನು ಭಾರತ ಟೀಕಿಸಿದ್ದು ಇನ್ನೊಂದು. ಕಾಯಿದೆ ಅವರ ಕೈಯನ್ನು ತಡೆಯಲಿಲ್ಲ.

ಕಾನೂನು ಅಂಥ ಕೈಯನ್ನು ತಡೆಯಬಲ್ಲದೇ? ಬಲ್ಲದು. ಅದಕ್ಕೆ ಸಾಕ್ಷಿ ಬ್ರಿಟನ್ನಿನಲ್ಲಿದೆ; ಆ ಕಾನೂನನ್ನು ಹೇಗೆ ಹಲ್ಲಿಲ್ಲದಂತೆ ಮಾಡಬಹುದೆಂಬುದಕ್ಕೂ ಸಾಕ್ಷಿ ಅಲ್ಲಿಯೇ ಇದೆ.

ಮಲೇಷ್ಯಾದ ಕೆಲಾಂಟನ್ ಪ್ರಾಂತ್ಯದಲ್ಲಿ ಪೆರ್ಗಾವು ಎಂಬ ನದಿ ಹರಿಯುತ್ತದೆ. ಅದಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ ತಯಾರಿಸಲು 23.4 ಕೋಟಿ ಪೌಂಡ್ ನೆರವು ನೀಡಲು ಬ್ರಿಟನ್ನಿನ ವಿದೇಶಾಂಗ ಸಚಿವ ಡಗ್ಲಸ್ ಹರ್ಡ್ 1991ರಲ್ಲಿ ಒಪ್ಪಿದರು. ನೆರವಿನ ಇಲಾಖೆಯ ಮುಖ್ಯ ಅಧಿಕಾರಿಯಾಗಿದ್ದ ಟಿಮ್ ಲ್ಯಾಂಕೆಸ್ಟರ್ ಇದು ನೆರವಿನ ಹಣದ ದುರುಪಯೋಗವೆಂದು ಲಿಖಿತವಾಗಿ ಎಚ್ಚರಿಸಿದ್ದರು. ಅಣೆಕಟ್ಟಿನ ವಿದ್ಯುತ್ತು ಅನಿಲದಿಂದ ತಯಾರಿಸುವ ವಿದ್ಯುತ್ತಿಗಿಂತ ದುಬಾರಿಯಾಗುತ್ತದೆ, ಅದರ ಹೊರೆ ಮಲೇಷ್ಯಾದ ಬಳಕೆದಾರರ ತಲೆಯ ಮೇಲೆಯೇ ಬೀಳುತ್ತದೆ ಎಂದು ಇಲಾಖೆಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು. ಆದರೂ ಹಣ ಮಂಜೂರಾಯಿತು. ಏಕೆಂದರೆ 1988ರಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವರು ಮಲೇಷ್ಯಾಕ್ಕೆ ಶಸ್ತ್ರಾಸ್ತ್ರ ಮಾರುವ ದಸ್ತಾವೇಜಿಗೆ ಸಹಿ ಹಾಕಿದ್ದರು. ಶಸ್ತ್ರದ ಬೆಲೆಗೆ ತಕ್ಕಂತೆ ನೆರವು ಎಂಬ ಮಾತು ಅದರಲ್ಲಿ ಸೇರಿತ್ತು. ಆ ನಂಟನ್ನು ಬಿಡಿಸಿದೆವೆಂದು ಸರಕಾರ ಆಮೇಲೆ ಹೇಳಿತು. ಅಷ್ಟರಲ್ಲಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅಣೆಕಟ್ಟಿಗೆ ನೆರವಿನ ಮಾತು ಕೊಟ್ಟಾಗಿತ್ತು.

ಬಡತನದ ವಿರುದ್ಧ ಕೆಲಸ ಮಾಡುವ 'ವರ್ಲ್ಡ್ ಡೆವಲಪ್‌ಮೆಂಟ್ ಮೂವ್‌ಮೆಂಟ್' ಎಂಬ ಸಂಘ ಈ ಮಂಜೂರಾತಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ಆ ಸಂಘಕ್ಕೆ ಈ ಅಣೆಕಟ್ಟಿನಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅದು ದಾವೆ ಹೂಡಬಹುದೇ ಎಂಬ ಪ್ರಶ್ನೆಯೇ ಮೊದಲು ಎದ್ದಿತು. ಹೂಡಬಹುದು ಎಂದರು ನ್ಯಾಯಾಧೀಶರು. ಬೇರೆ ಯಾರು ತಾನೇ ಕೇಳಬೇಕಿತ್ತು? 1994ರ ನವೆಂಬರಿನಲ್ಲಿ ತೀರ್ಪು ಬಂತು. ಆಗ ಜಾರಿಯಲ್ಲಿದ್ದ 1980ರ ಕಾಯಿದೆ ಪರದೇಶದ ಅಭಿವೃದ್ಧಿಗಾಗಿ ಹಣ ನೀಡುವ ಅಧಿಕಾರವನ್ನು ಸಚಿವರಿಗೆ ಕೊಟ್ಟಿತ್ತು. ಆರ್ಥಿಕವಾಗಿ ಅಷ್ಟೊಂದು ಅಸಂಬದ್ಧವಾದ ಯೋಜನೆ ಅಭಿವೃದ್ಧಿ ಎಂಬ ಪದದೊಳಗೆ ಬರುವುದಿಲ್ಲ. ಆದ್ದರಿಂದ ಸಚಿವರ ನಿರ್ಧಾರ ಕಾನೂನುಬಾಹಿರ ಎಂದಿತು ನ್ಯಾಯಾಲಯ. ಸ್ನೇಹ, ವ್ಯಾಪಾರ, ಕೊಟ್ಟ ಮಾತು ಇವನ್ನೆಲ್ಲ ಸಚಿವರು ತೂಗಿ ನೋಡಬಹುದು, ಆದರೆ ಮೊದಲು ಅದು ಅಭಿವೃದ್ಧಿಯಾಗಿರಬೇಕು. ನೆರವಿನ ನಿಧಿಯಿಂದ ಅಣೆಕಟ್ಟಿಗೆ ಇನ್ನು ಹಣ ಕೊಡುವಂತಿರಲಿಲ್ಲ. ಸರಕಾರ ಬೇರೆ ಕಡೆಯಿಂದ ಹೊಂದಿಸಬೇಕಾಯಿತು. ಕಾಯಿದೆಯೊಳಗಿನ ಒಂದೇ ಒಂದು ಪದ, ಬಲ್ಲವರ ಕೈಗೆ ಸಿಕ್ಕಿದಾಗ, ಇಷ್ಟು ಕೆಲಸ ಮಾಡಿತು.

ಆ ಪಾಠದ ಫಲವೇ 2002ರ ಅಂತಾರಾಷ್ಟ್ರೀಯ ಅಭಿವೃದ್ಧಿ ಕಾಯಿದೆ. ಬಡತನವನ್ನು ಕಡಿಮೆ ಮಾಡುವ ಸಂಭವವಿದೆಯೆಂದು ಸಚಿವರಿಗೆ ಮನದಟ್ಟಾದರೆ ಮಾತ್ರ ಅಭಿವೃದ್ಧಿ ನೆರವು ಎಂದು ಅದರ ಮೊದಲ ಕಲಮೇ ಹೇಳುತ್ತದೆ. ನೆರವು ಪಡೆದವರು ಬ್ರಿಟನ್ನಿನ ಕಂಪನಿಗಳಿಂದಲೇ ಸರಕು ಕೊಳ್ಳಬೇಕೆಂಬ ಹಳೆಯ ಷರತ್ತು ಅದಕ್ಕೂ ಮುಂಚೆ, 2001ರಲ್ಲಿಯೇ, ಹೋಗಿತ್ತು. ಇಷ್ಟರ ಮಟ್ಟಿಗೆ ಕ್ಲೇರ್ ಶಾರ್ಟ್ ಎಂಬ ಸಚಿವೆಯನ್ನು ಮೆಚ್ಚಲೇಬೇಕು.

ಇನ್ನು 2015ರ ಕಾಯಿದೆಗೆ ಬರೋಣ. ನನ್ನ ಜಗಳವಿರುವುದು ಇದರೊಂದಿಗೆ. ಶ್ರೀಮಂತ ರಾಷ್ಟ್ರಗಳು ತಮ್ಮ ರಾಷ್ಟ್ರೀಯ ಆದಾಯದ ಪ್ರತಿ ನೂರು ರೂಪಾಯಿಗೆ ಎಪ್ಪತ್ತು ಪೈಸೆಯನ್ನು ಬಡ ರಾಷ್ಟ್ರಗಳಿಗೆ ಕೊಡಬೇಕೆಂಬ ಗುರಿಯನ್ನು ವಿಶ್ವಸಂಸ್ಥೆ 1970ರಲ್ಲಿಯೇ ಇಟ್ಟಿತ್ತು. ಬ್ರಿಟನ್ ಅದನ್ನು 2013ರಲ್ಲಿ ಮುಟ್ಟಿತು. ಎರಡು ವರ್ಷಗಳ ನಂತರ ಕಾನೂನನ್ನೂ ಮಾಡಿತು. ಜಗತ್ತು ಚಪ್ಪಾಳೆ ತಟ್ಟಿತು. ಕಲಂ 1 ಎಪ್ಪತ್ತು ಪೈಸೆ ಕೊಡುವುದು ಕರ್ತವ್ಯ ಎನ್ನುತ್ತದೆ. ಕೊಡದಿದ್ದರೆ ಏಕೆ ಕೊಡಲಿಲ್ಲವೆಂದು ಪಾರ್ಲಿಮೆಂಟಿಗೆ ಒಂದು ಹೇಳಿಕೆ ಸಲ್ಲಿಸಬೇಕು ಎನ್ನುತ್ತದೆ ಕಲಂ 2. ಇಲ್ಲಿಯವರೆಗೆ ಸರಿ. ಕಲಂ 3ನ್ನು ಓದಿ: ಹೊಣೆಗಾರಿಕೆಗೆ ಆ ಹೇಳಿಕೆಯೊಂದೇ ದಾರಿ, ಕರ್ತವ್ಯ ತಪ್ಪಿದ ಮಾತ್ರಕ್ಕೆ ಯಾವ ಕೆಲಸವೂ ಕಾನೂನುಬಾಹಿರವಾಗದು. ಅಂದರೆ ಪೆರ್ಗಾವು ಪ್ರಕರಣದಲ್ಲಿ ತೆರೆದಿದ್ದ ನ್ಯಾಯಾಲಯದ ಬಾಗಿಲಿಗೆ ಒಳಗಿನಿಂದ ಅಗುಳಿ! ಸಾಲ ತೀರಿಸುವುದು ಕರ್ತವ್ಯ, ತೀರಿಸದಿದ್ದರೆ ಒಂದು ಚೀಟಿ ಬರೆದಿಟ್ಟರೆ ಸಾಕು ಎಂದು ಯಾವ ಸಹಕಾರಿ ಸಂಘ ನಿಮಗೆ ಸಾಲ ಕೊಟ್ಟೀತು?

ಅಗುಳಿ ಬೇಗನೆ ಉಪಯೋಗಕ್ಕೆ ಬಂತು. 2020ರ ನವೆಂಬರಿನಲ್ಲಿ ಹಣಕಾಸು ಸಚಿವ ರಿಷಿ ಸುನಕ್ ಎಪ್ಪತ್ತನ್ನು ಐವತ್ತು ಪೈಸೆಗೆ ಇಳಿಸುವುದಾಗಿ ಪ್ರಕಟಿಸಿದರು. ವರ್ಷಕ್ಕೆ ಸುಮಾರು 400 ಕೋಟಿ ಪೌಂಡ್ ಕಡಿತ. ಮಹಾಮಾರಿಯಿಂದ ದೇಶದ ಆದಾಯ ಕುಸಿದಿದೆ, ಬೇರೆ ದಾರಿಯಿಲ್ಲ ಎಂಬುದು ಅವರ ಸಮರ್ಥನೆ. ಆದಾಯ ಕುಸಿದದ್ದು ನಿಜ. ಆದರೆ ಎಪ್ಪತ್ತು ಪೈಸೆ ಎಂಬುದು ಆದಾಯದ ಪಾಲು, ನಿಗದಿತ ಮೊತ್ತವಲ್ಲ. ಆದಾಯ ಕುಗ್ಗಿದಾಗ ನೆರವು ತಾನಾಗಿಯೇ ಕುಗ್ಗುತ್ತದೆ. ಕುಗ್ಗಿದ್ದನ್ನೇ ಇನ್ನೊಮ್ಮೆ ಕತ್ತರಿಸಿದ್ದಕ್ಕೆ ಆದಾಯದ ಕುಸಿತ ಹೇಗೆ ಉತ್ತರವಾದೀತು? 2021ರ ಜುಲೈಯಲ್ಲಿ ಕಾಮನ್ಸ್ ಸಭೆ 333ಕ್ಕೆ 298 ಮತಗಳಿಂದ ಕಡಿತಕ್ಕೆ ಒಪ್ಪಿಗೆಯಿತ್ತಿತು. ಇದಕ್ಕೆಲ್ಲ ಕಾಯಿದೆಯ ಒಂದಕ್ಷರವನ್ನೂ ತಿದ್ದಬೇಕಾಗಲಿಲ್ಲ. ನೆರವಿಗೆಂದೇ 1997ರಲ್ಲಿ ಹುಟ್ಟಿದ್ದ ಪ್ರತ್ಯೇಕ ಇಲಾಖೆಯೂ ಆ ಹೊತ್ತಿಗೆ ಇರಲಿಲ್ಲ. ಪ್ರಧಾನಿ ಬೋರಿಸ್ ಜಾನ್ಸನ್ 2020ರ ಸೆಪ್ಟೆಂಬರಿನಲ್ಲಿ ಅದನ್ನು ವಿದೇಶಾಂಗ ಕಚೇರಿಯಲ್ಲಿ ವಿಲೀನಗೊಳಿಸಿದ್ದರು. ಕಾಯಿದೆ ಅಧಿಕಾರ ಕೊಟ್ಟಿದ್ದುದು ಸಚಿವರಿಗೆ, ಇಲಾಖೆಗಲ್ಲ. ಆದುದರಿಂದ ಇಲಾಖೆಯನ್ನು ಮುಚ್ಚಲು ಕಾಯಿದೆ ಬೇಕಾಗಲಿಲ್ಲ.

2025ರ ಫೆಬ್ರವರಿಯಲ್ಲಿ, ಈ ಬಾರಿ ಲೇಬರ್ ಪಕ್ಷದ ಪ್ರಧಾನಿ ಕೀರ್ ಸ್ಟಾರ್ಮರ್, 2027ರ ಹೊತ್ತಿಗೆ ನೆರವನ್ನು ಮೂವತ್ತು ಪೈಸೆಗೆ ಇಳಿಸುವುದಾಗಿ ಘೋಷಿಸಿದರು. ಉಳಿಸಿದ ಹಣ ರಕ್ಷಣಾ ವೆಚ್ಚಕ್ಕೆ. 1964ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದಿದ್ದ ಜಗದ್ಗುರು ಆರನೇ ಪೌಲರು ಶಸ್ತ್ರಾಸ್ತ್ರಗಳಿಗೆ ಸುರಿಯುವ ಹಣದ ಒಂದು ಭಾಗದಿಂದ ಬಡವರಿಗಾಗಿ ವಿಶ್ವನಿಧಿ ಸ್ಥಾಪಿಸಿರೆಂದು ರಾಷ್ಟ್ರಗಳನ್ನು ಬೇಡಿದ್ದರು. ಅರವತ್ತು ವರ್ಷಗಳ ನಂತರ ಹಣ ಸಾಗುತ್ತಿರುವುದು ತದ್ವಿರುದ್ಧ ದಿಕ್ಕಿನಲ್ಲಿ.

ಅಮೆರಿಕದ ಕಥೆ ಇನ್ನೂ ಒರಟು. 1961ರಲ್ಲಿ ಅಧ್ಯಕ್ಷ ಕೆನಡಿಯವರ ಆದೇಶದಿಂದ ಹುಟ್ಟಿದ ಯು.ಎಸ್. ಏಡ್ ಸಂಸ್ಥೆಗೆ 1998ರ ಕಾಯಿದೆಯೊಂದು ಶಾಸನದ ನೆಲೆಯನ್ನೂ ಕೊಟ್ಟಿತ್ತು. 2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ವಿದೇಶಿ ನೆರವನ್ನು ತೊಂಬತ್ತು ದಿನ ತಡೆಹಿಡಿದರು. ದಾವೆಗಳು ನಡೆಯುತ್ತಿದ್ದಂತೆಯೇ ಜುಲೈ 1ರ ಹೊತ್ತಿಗೆ ಸಂಸ್ಥೆಯ ಕೆಲಸ ನಿಂತಿತು. ಅದನ್ನು ರದ್ದುಪಡಿಸುವ ಯಾವ ಕಾಯಿದೆಯನ್ನೂ ಅಲ್ಲಿನ ಕಾಂಗ್ರೆಸ್ ಮಾಡಿರಲಿಲ್ಲ. ಕಾನೂನಿದ್ದೂ ಏನಾಯಿತು ನೋಡಿ ಎಂದು ಕೆಲವರು ನಗಬಹುದು. ಬೀಗ ಒಡೆದರೆಂದು ಬಾಗಿಲನ್ನೇ ಕಿತ್ತುಹಾಕುತ್ತಾರೆಯೇ?

ಪರದೇಶಗಳ ಈ ಪುರಾಣ ನಮಗೇಕೆ ಎನ್ನಬೇಡಿ. ಭಾರತವೂ ಇಂದು ಕೊಡುವ ರಾಷ್ಟ್ರ. 1964ರಿಂದ ಪರದೇಶದವರಿಗೆ ತರಬೇತಿ ನೀಡುತ್ತಿದೆ. ಭೂತಾನ, ನೇಪಾಳ, ಆಫ್ರಿಕದ ದೇಶಗಳಿಗೆ ಅನುದಾನ, ಸಾಲ ಎರಡನ್ನೂ ಕೊಡುತ್ತದೆ. ಈ ಕೆಲಸಕ್ಕೆಂದು 2012ರಲ್ಲಿ ವಿದೇಶಾಂಗ ಸಚಿವಾಲಯದೊಳಗೆ ಒಂದು ಪ್ರತ್ಯೇಕ ವಿಭಾಗವೂ ಹುಟ್ಟಿತು. ಅದರ ಉದ್ದೇಶವನ್ನು ಹೇಳುವ, ಅದರ ಕೈ ಹಿಡಿಯುವ ಪ್ರತ್ಯೇಕ ಕಾಯಿದೆ ಮಾತ್ರ ನಮ್ಮಲ್ಲಿಲ್ಲ. ಬಜೆಟ್ಟಿಗೆ ಸಂಸತ್ತಿನ ಒಪ್ಪಿಗೆಯಿದೆ, ಸ್ಥಾಯಿ ಸಮಿತಿ ಪರಿಶೀಲಿಸುತ್ತದೆ, ಸರಿ. ಆದರೆ ಮೊತ್ತಕ್ಕೆ ಒಪ್ಪಿಗೆ ಕೊಡುವುದು ಬೇರೆ, ಉದ್ದೇಶವನ್ನು ಶಾಸನದಲ್ಲಿ ಬರೆದಿಡುವುದು ಬೇರೆ. ಇತ್ತ ಹೊರಗಿನಿಂದ ಬರುವ ದಾನದ ವಿಷಯ ನೋಡಿ. 1976ರಲ್ಲಿ ಒಂದು ಕಾಯಿದೆ, 2010ರಲ್ಲಿ ಇನ್ನೊಂದು, 2020ರಲ್ಲಿ ಅದಕ್ಕೆ ತಿದ್ದುಪಡಿ. ಹಣ ದೆಹಲಿಯ ಒಂದೇ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಆಡಳಿತ ವೆಚ್ಚ ನೂರಕ್ಕೆ ಇಪ್ಪತ್ತನ್ನು ಮೀರಬಾರದು, ಇನ್ನೊಂದು ಸಂಸ್ಥೆಗೆ ದಾಟಿಸಬಾರದು. ಹಳ್ಳಿಯ ದವಾಖಾನೆ ನಡೆಸುವ ಕನ್ಯಾಸ್ತ್ರೀಯರು ಪ್ರತಿ ವರ್ಷ ಪೈಸೆ ಪೈಸೆಯ ಲೆಕ್ಕ ಒಪ್ಪಿಸುತ್ತಾರೆ. ಒಪ್ಪಿಸಲಿ; ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ಒಳಬರುವ ದಾನಕ್ಕೆ ಇಷ್ಟು ಕಲಮುಗಳನ್ನು ಬರೆದ ಸಂಸತ್ತು ಹೊರಹೋಗುವ ಅನುದಾನಕ್ಕೆ ಒಂದನ್ನೂ ಬರೆಯದಿರುವುದು ಯಾವ ನ್ಯಾಯ?

ನಿಮ್ಮ ಲೋಕಸಭಾ ಸದಸ್ಯರು ಚರ್ಚಿನ ಹಬ್ಬಕ್ಕೆ ಅತಿಥಿಗಳಾಗಿ ಬರುತ್ತಾರಲ್ಲವೇ? ಹಾರ ಹಾಕಿ, ಕಾಫಿ ಕೊಟ್ಟು, ಹತ್ತಿರ ಕುಳಿತು ಕೇಳಿರಿ: ಭೂತಾನಕ್ಕೆ ನಾವು ಕೊಡುವ ಹಣ ಯಾವ ಕಾಯಿದೆಯ ಯಾವ ಕಲಮಿನಡಿ ಹೋಗುತ್ತದೆ, ಅದು ಬಡವರಿಗೆ ಮುಟ್ಟದಿದ್ದರೆ ನಾವು ಯಾವ ನ್ಯಾಯಾಲಯಕ್ಕೆ ಹೋಗಬಹುದು, ಸ್ವಾಮಿ?