ಹೋಗೋಕೆ ಮುಂಚೆ ಮನೆ ಲೆಕ್ಕ

ಸೆಪ್ಟೆಂಬರ್‌ನಲ್ಲಿ ಒಂದು ವರ್ಷದ ಎಂಎಸ್ಸಿ ಓದೋಕೆ ಇಂಗ್ಲೆಂಡಿನ ಲೀಡ್ಸ್‌ಗೆ ಹೊರಟಿದ್ದೀನಿ ಅಂದ ಕೂಡಲೇ ಎಲ್ಲರೂ ಲಗೇಜ್ ವಿಷಯ ಕೇಳ್ತಾರೆ. ಕುಕ್ಕರ್ ತಗೊಂಡ್ಯಾ? ಜಾಕೆಟ್ ಇಲ್ಲೇ ಕೊಳ್ತೀಯಾ, ಅಲ್ಲೇನಾ? ಅದೆಲ್ಲ ಕಡೇ ವಾರದ ಕೆಲಸ. ಮೂವತ್ತರ ಹತ್ತಿರ, ಕೆಲಸ, ಮದುವೆ, ಮನೆ ಸಾಲ ಎಲ್ಲ ಆದಮೇಲೆ ಓದೋಕೆ ಹೊರಡುವವರಿಗೆ ಹೋಗುವ ಊರಿಗಿಂತ ಬಿಟ್ಟುಹೋಗುವ ಮನೆಯ ತಯಾರಿಯೇ ದೊಡ್ಡದು.

ಮೊದಲನೆಯದಾಗಿ, ಹೋಗಬೇಕಾದ್ದು ಒಬ್ಬರೇ. 2024ರ ಜನವರಿಯಿಂದ ಈಚೆಗೆ ಶುರುವಾದ ಕೋರ್ಸ್‌ಗಳಲ್ಲಿ, ಸ್ವಂತ ಖರ್ಚಿನಲ್ಲಿ ಸಾಮಾನ್ಯ ಮಾಸ್ಟರ್ಸ್ ಓದುವವರು ಗಂಡ, ಹೆಂಡತಿ, ಮಕ್ಕಳನ್ನು ಡಿಪೆಂಡೆಂಟ್ ವೀಸಾದಲ್ಲಿ ಕರೆದೊಯ್ಯುವಂತಿಲ್ಲ. ಹಾಗಾಗಿ ನನ್ನ ಗಂಡ ಬೆಂಗಳೂರಲ್ಲೇ ಇರ್ತಾರೆ. ಒಂದೇ ಸಂಬಳದಲ್ಲಿ ಮನೆ ಸಾಲದ ಕಂತು, ಅತ್ತೆಯ ಔಷಧಿ, ದಿನಸಿ ಎಲ್ಲ ನಡೆಯುತ್ತಾ ಅಂತ ಒಂದು ಭಾನುವಾರ ಪೂರ್ತಿ ಎಕ್ಸೆಲ್ ಶೀಟ್ ಮುಂದೆ ಕೂತು ತಿಂಗಳು ತಿಂಗಳಿಗೂ ಬರೆದು ನೋಡಿದ್ವಿ. ನಡೆಯುತ್ತೆ, ಆದರೆ ಕೈ ಬಿಗಿ ಹಿಡಿಯಬೇಕು. ಈ ಲೆಕ್ಕ ಅರ್ಜಿ ಹಾಕುವ ಮೊದಲೇ ಆಗಿಬಿಡಬೇಕು. ಆಫರ್ ಲೆಟರ್ ಕೈಗೆ ಬಂದಮೇಲೆ ಬೇಡ ಅನ್ನೋಕೆ ಮನೆಯವರಿಗೂ ಬಾಯಿ ಬರಲ್ಲ, ನಮಗೂ ಮನಸ್ಸು ಬರಲ್ಲ.

ಎರಡನೆಯದು, ದುಡ್ಡು ಅಲುಗಾಡದೆ ಕೂರಬೇಕು. ವೀಸಾಗೆ ಫೀಸಿನ ಬಾಕಿಯ ಜೊತೆ ಒಂಬತ್ತು ತಿಂಗಳ ಜೀವನ ವೆಚ್ಚ ತೋರಿಸಬೇಕು. 2025ರ ನವೆಂಬರ್‌ನಿಂದ ಇದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ 1,171 ಪೌಂಡ್. ಲೀಡ್ಸ್ ಲೆಕ್ಕದಲ್ಲಿ 10,539 ಪೌಂಡ್ ಆಯ್ತು. ಇಡೀ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಒಂದು ದಿನ ಕಡಿಮೆಯಾದರೂ ಮತ್ತೆ ಮೊದಲಿಂದ ಎಣಿಸಬೇಕು. ನಮ್ಮಂಥ ಐಟಿಯವರ ಉಳಿತಾಯ ಇರೋದೇ ಷೇರು, ಮ್ಯೂಚುವಲ್ ಫಂಡ್, ಪಿಎಫ್‌ನಲ್ಲಿ. ಅವು ಎಣಿಕೆಗೆ ಬರಲ್ಲ. ಮೊದಲೇ ಮಾರಿ ಬ್ಯಾಂಕ್ ಖಾತೆಗೆ ತಂದಿಡಬೇಕು. ನಾನು ಎಸ್‌ಐಪಿ, ಕರೆಂಟ್ ಬಿಲ್ ಎಲ್ಲವನ್ನೂ ಬೇರೆ ಖಾತೆಗೆ ಬದಲಾಯಿಸಿದೆ. ರೂಪಾಯಿ ಇಳಿದರೂ ಸಾಕಾಗಲಿ ಅಂತ ಸ್ವಲ್ಪ ಹೆಚ್ಚೇ ಇಟ್ಟೆ. ವೀಸಾ ಫೀಸಿನ ಜೊತೆ ಕಟ್ಟುವ ಆರೋಗ್ಯ ಶುಲ್ಕ ಬೇರೆ. ವರ್ಷಕ್ಕೆ 776 ಪೌಂಡ್. ಕೋರ್ಸ್ ಮುಗಿದ ಮೇಲೂ ನಾಲ್ಕು ತಿಂಗಳು ವೀಸಾ ಇರೋದರಿಂದ ಒಟ್ಟು 1,164 ಪೌಂಡ್ ಒಂದೇ ಸಲ ಕಟ್ಟಬೇಕು.

ಖಾತೆ ನಿಮ್ಮದಿರಬೇಕು, ಇಲ್ಲಾ ಅಪ್ಪ-ಅಮ್ಮಂದು. ಚಿಕ್ಕಪ್ಪಂದು, ಭಾವಂದು ನಡೆಯಲ್ಲ. ಅಪ್ಪ-ಅಮ್ಮಂದಾದರೆ ಒಪ್ಪಿಗೆ ಪತ್ರ, ಸಂಬಂಧ ತೋರಿಸೋಕೆ ಜನನ ಪ್ರಮಾಣಪತ್ರ ಬೇಕು. ತೊಂಬತ್ತರ ದಶಕದಲ್ಲಿ ಹುಟ್ಟಿದ ಎಷ್ಟೋ ಜನರ ಪ್ರಮಾಣಪತ್ರದಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಬರೆದ ಹೆಸರು, ಬ್ಯಾಂಕಲ್ಲಿ ಮದುವೆ ಆದಮೇಲಿನ ಹೆಸರು. ಮುಂದಿನ ಸಲ ಊರಿಗೆ ಹೋದಾಗ ಬೀರು ತೆಗೆದು ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ.

ಮೂರನೆಯದು ಸಾಲ. ಹಾಸನದಲ್ಲಿ ಅಪ್ಪ ರಿಟೈರ್ ಆದಾಗ ಬಂದ ದುಡ್ಡಲ್ಲಿ ಒಂದು ಸೈಟ್ ಮಾಡಿದ್ರು. "ಪತ್ರ ತಗೊಂಡ್ಹೋಗು ಪುಟ್ಟಿ, ನಿಂಗಲ್ದೆ ಇನ್ಯಾರಿಗೆ" ಅಂದ್ರು. ಓದಿನ ಸಾಲ ದೊಡ್ಡದಾದರೆ ಬ್ಯಾಂಕ್‌ಗಳು ಆಸ್ತಿ ಅಡಮಾನ ಕೇಳೋದು ಮಾಮೂಲು. ಕ್ರಯಪತ್ರ, ಖಾತಾ, ಇಸಿ ಎಲ್ಲ ಸರಿಯಿದ್ರೆ ಸಾಲ ಸಿಗಬಹುದು. ಆದರೆ ಓದು ಮುಗಿಯೋವರೆಗೆ ಕಂತು ಕಟ್ಟದೇ ಇದ್ದರೂ ಬಡ್ಡಿ ಓಡ್ತಾನೇ ಇರುತ್ತೆ. ಬಡ್ಡಿಗೆ ಸಿಗುವ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಅಲ್ಲಿ ಕೆಲಸ ಸಿಗದಿದ್ರೆ? ಓದು ಮುಗಿದ ಮೇಲೆ ಉಳಿದು ಕೆಲಸ ಹುಡುಕೋಕೆ ಕೊಡುವ ಗ್ರಾಜುಯೇಟ್ ವೀಸಾ ಎರಡು ವರ್ಷ ಇತ್ತು. 2027ರ ಜನವರಿ 1ರಿಂದ ಅರ್ಜಿ ಹಾಕುವ ಮಾಸ್ಟರ್ಸ್‌ನವರಿಗೆ ಅದು 18 ತಿಂಗಳು. ಈ ಸೆಪ್ಟೆಂಬರ್‌ನಲ್ಲಿ ಹೋಗುವ ನಮಗೆಲ್ಲ ಹೊಸ ಲೆಕ್ಕವೇ ಅನ್ವಯ. ಅದಕ್ಕೇ ಬೆಂಗಳೂರಿಗೆ ವಾಪಸ್ ಬಂದು ಈಗಿನ ಸಂಬಳವೇ ಸಿಕ್ಕರೂ ನಾಲ್ಕು ವರ್ಷದಲ್ಲಿ ತೀರುವಷ್ಟೇ ಸಾಲ ಅಂತ ಇಬ್ಬರೂ ಗೆರೆ ಎಳೆದ್ವಿ. ಪೌಂಡ್ ಸಂಬಳ ನಂಬಿ ಲೆಕ್ಕ ಹಾಕಲಿಲ್ಲ. ಉಳಿದದ್ದು ನಮ್ಮ ಉಳಿತಾಯ. ಸೈಟ್ ಪತ್ರ ಅಪ್ಪನ ಹತ್ತಿರವೇ ಉಳೀತು.

ಅಪ್ಪನಿಗೆ ಖುಷಿ ಆಗುತ್ತೆ ಅಂದುಕೊಂಡಿದ್ದೆ, ಬೇಜಾರಾಯ್ತು. ಮಗಳ ಓದಿಗೆ ತಾನೇನೂ ಕೊಡಲಿಲ್ಲ ಅನ್ನೋ ಬೇಜಾರು. ದುಡ್ಡಿನ ಮಾತನ್ನು ಶೀಟ್‌ನಲ್ಲಿ ಮುಗಿಸಬಹುದು, ಇದನ್ನು ಎದುರು ಕೂತೇ ಮಾತಾಡಬೇಕು. ನನ್ನ ಜನನ ಪ್ರಮಾಣಪತ್ರಕ್ಕೆ ಹೆಸರು ಸೇರಿಸೋ ಓಡಾಟವನ್ನೆಲ್ಲ ಆಮೇಲೆ ಅವರೇ ಮಾಡಿದ್ರು.

ಕೊನೆಗೆ ಒಂದು ತಾರೀಖು ಇಟ್ಕೊಳ್ಳಿ. 2028ರ ಯುಗಾದಿಯೊಳಗೆ ಅಲ್ಲಿ ಸರಿಯಾದ ಕೆಲಸ ಸಿಗದಿದ್ರೆ ವಾಪಸ್ ಬರೋದು ಅಂತ ನಾವು ಮಾತಾಡ್ಕೊಂಡಿದ್ದೀವಿ, ಮನೆಯವರಿಗೂ ಹೇಳಿದ್ದೀವಿ. "ಇರೋ ಕೆಲ್ಸ ಬಿಟ್ಟು ಮತ್ತೆ ಕಾಲೇಜಾ?" ಅಂತ ದಿನಾ ಕೇಳ್ತಿದ್ದ ಅತ್ತೆ, ತಾರೀಖು ಗೊತ್ತಾದ ಮೇಲೆ ಆ ಪ್ರಶ್ನೆ ಬಿಟ್ಟಿದ್ದಾರೆ. ಈಗ ಕೇಳೋದು, ವಿಡಿಯೊ ಕಾಲ್ ಮಾಡೋಕೆ ಅಲ್ಲಿಗೂ ಇಲ್ಲಿಗೂ ಎಷ್ಟು ಗಂಟೆ ವ್ಯತ್ಯಾಸ ಅಂತ.