ಗಾಡಿಯ ಪರದೆಗೆ ಟೆಂಡರ್ ಇದೆ, ನಕ್ಷೆಗೆ ಹೊಣೆಗಾರರಿಲ್ಲ

ಬೆಂಗಳೂರಿನಲ್ಲಿ ಕಲ್ಯಾಣನಗರ ಎರಡಿವೆ. ಒಂದು ಪೂರ್ವಕ್ಕೆ, ಬಾಣಸವಾಡಿ ಕಡೆ. ಇನ್ನೊಂದು ಪಶ್ಚಿಮಕ್ಕೆ, ನಾಗರಬಾವಿ–ಮೂಡಲಪಾಳ್ಯದ ಕಡೆ. ಎನ್‌ಜಿಇಎಫ್ ಬಡಾವಣೆಯೂ ಎರಡು: ನಾಗರಬಾವಿಗೆ ಅಂಟಿಕೊಂಡಂತೆ ಒಂದು, ಸದಾನಂದನಗರದ ಬಳಿ ಮತ್ತೊಂದು. ನಡುವೆ ಇಡೀ ನಗರವಿದೆ. ವಿನಾಯಕ ಲೇಔಟ್‌ಗಳಂತೂ ಎಷ್ಟೋ. ಇನ್ನು ನಾಗರಬಾವಿಯ ಒಳಗೇ ಮೊದಲನೇ ಹಂತ, ಎರಡನೇ ಹಂತ, ಅದರ ಬ್ಲಾಕುಗಳು, ಸುತ್ತ ಹಬ್ಬಿದ ಸೊಸೈಟಿ ಬಡಾವಣೆಗಳು, ಪಾಪರೆಡ್ಡಿಪಾಳ್ಯ, ಮಲ್ಲತ್ತಹಳ್ಳಿಯಂಥ ಹಳೆಯ ಊರುಗಳು. ಒಂದೊಂದು ಬಡಾವಣೆಯೂ ತನ್ನ ಮೇನು, ಕ್ರಾಸುಗಳನ್ನು ಮತ್ತೆ ಒಂದರಿಂದ ಎಣಿಸಲು ಶುರುಮಾಡುತ್ತದೆ. ಮನೆಯಲ್ಲಿ ಯಾರಿಗೋ ಎದೆನೋವು ಬಂದು 108ಕ್ಕೆ ಕರೆ ಮಾಡಿದವರ ಬಾಯಲ್ಲಿ ಆ ಗಾಬರಿಯಲ್ಲಿ ಬರುವುದು ‘ಐದನೇ ಮೇನ್, ಮೂರನೇ ಕ್ರಾಸ್, ಗಣಪತಿ ದೇವಸ್ಥಾನದ ಹತ್ತಿರ’ ಎಂಬಷ್ಟೇ. ಅಲ್ಲಿಂದ ಮುಂದಿನ ಕೆಲಸವನ್ನು ನಾವು ಆಂಬುಲೆನ್ಸ್ ಗಾಡಿಯಲ್ಲಿ ಕೂರಿಸಿದ ಒಂದು ಪರದೆಗೆ ಒಪ್ಪಿಸಿದ್ದೇವೆ.

ಆ ಪರದೆಯ ಬಗ್ಗೆ ತಕರಾರಿಲ್ಲ. ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಹೆಸರಿನ 108 ಸೇವೆ ಶುರುವಾದದ್ದು 2008ರ ನವೆಂಬರ್ 1ರಂದು. ಆಂಬುಲೆನ್ಸ್ ಎಲ್ಲಿದೆಯೆಂದು ಕಂಟ್ರೋಲ್ ರೂಮ್ ಜಿಪಿಎಸ್ ಮೂಲಕ ನೋಡುತ್ತದೆ. ನಗರ ಪೊಲೀಸರ ಹೊಯ್ಸಳ ಗಸ್ತು ಗಾಡಿಗಳಿಗೆ ಎಂಡಿಟಿ ಎನ್ನುವ ಕಂಪ್ಯೂಟರ್ ಬಂತು. ದೂರಿನ ವಿವರ, ಸ್ಥಳ ಅದರ ಮೇಲೇ ಮೂಡುತ್ತವೆ. ಇಂಥ ಯಂತ್ರ ಮನೆಯ ಲ್ಯಾಪ್‌ಟಾಪ್‌ನಂತಲ್ಲ. ಹಗಲೆಲ್ಲ ಬಿಸಿಲಲ್ಲಿ ನಿಂತ ಗಾಡಿಯ ಕಾವು, ಹಂಪು ಗುಂಡಿಗಳ ಕುಲುಕಾಟ, ಧೂಳು, ಇಂಜಿನ್ ಸ್ಟಾರ್ಟ್ ಮಾಡಿದಾಗಲೆಲ್ಲ ಏರಿಳಿಯುವ ಕರೆಂಟು, ಎಲ್ಲವನ್ನೂ ತಾಳಿಕೊಳ್ಳುವಂತೆ ಅದನ್ನು ಕಟ್ಟಿರುತ್ತಾರೆ. ಕೊಳ್ಳುವಾಗ ಇವನ್ನೆಲ್ಲ ಪರೀಕ್ಷಿಸಲು ಅಳತೆಗಳಿವೆ, ಪ್ರಮಾಣಪತ್ರಗಳಿವೆ. ಒಳಗಿನ ನಕ್ಷೆಗೆ ಅಂಥ ಪರೀಕ್ಷೆಯಿಲ್ಲ. ಮೂರನೇ ಕ್ರಾಸ್ ನಿಜಕ್ಕೂ ಅಲ್ಲೇ ಇದೆಯೇ, ಅದರ ಕೊನೆಯಲ್ಲಿ ಗೇಟ್ ಹಾಕಿದ್ದಾರೆಯೇ, ಮೋರಿ ಕೆಲಸಕ್ಕೆ ಅಗೆದು ಬಿಟ್ಟಿದ್ದಾರೆಯೇ ಎಂಬುದಕ್ಕೆ ಸಹಿ ಹಾಕುವ ಅಧಿಕಾರಿಯೇ ಇಲ್ಲ. ಈ ಹೊಣೆಯನ್ನು ಸರ್ಕಾರ ಹೊರಬೇಕು ಎಂಬುದೇ ನನ್ನ ವಾದ.

ಉಪಗ್ರಹ ಕೊಡುವುದೇನು ಎಂಬುದನ್ನು ಮೊದಲು ನೋಡೋಣ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಕನಿಷ್ಠ ನಾಲ್ಕರ ಸಂಕೇತ ಸಿಕ್ಕರೆ ಗಾಡಿಯ ಅಕ್ಷಾಂಶ, ರೇಖಾಂಶ ಗೊತ್ತಾಗುತ್ತವೆ. ಬಯಲಿನಲ್ಲಿ ಐದಾರು ಮೀಟರ್ ಆಚೀಚೆ, ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ನಾಗರಬಾವಿಯ ಹೊರವರ್ತುಲ ರಸ್ತೆಯಲ್ಲಿ ಈ ಐದಾರು ಮೀಟರ್ ಸಣ್ಣದಲ್ಲ. ಅಲ್ಲಿ ಮುಖ್ಯ ರಸ್ತೆ ಒಂದು, ಪಕ್ಕದಲ್ಲೇ ಸರ್ವಿಸ್ ರಸ್ತೆ ಇನ್ನೊಂದು, ನಡುವೆ ಕಟ್ಟೆ. ಗಾಡಿ ಮುಖ್ಯ ರಸ್ತೆಯಲ್ಲಿದ್ದರೂ ಪರದೆ ಅದನ್ನು ಸರ್ವಿಸ್ ರಸ್ತೆಯ ಮೇಲೆ ಕೂರಿಸಬಹುದು. ತಿರುವು ಸಿಗುವುದು ಸರ್ವಿಸ್ ರಸ್ತೆಯಿಂದ ಮಾತ್ರ ಆಗಿದ್ದರೆ ಮುಖ್ಯ ರಸ್ತೆಯಲ್ಲಿ ಹೊರಟ ಚಾಲಕ ಮುಂದಿನ ಯೂ-ಟರ್ನ್‌ವರೆಗೆ ಹೋಗಿ ಬರಬೇಕು. ಸುಮನಹಳ್ಳಿ ಮೇಲ್ಸೇತುವೆಯಲ್ಲೂ ಇದೇ ಕಷ್ಟ, ಗಾಡಿ ಮೇಲಿದೆಯೋ ಕೆಳಗಿದೆಯೋ ಎಂಬ ಗೊಂದಲ. ಕಟ್ಟೆ ಎಲ್ಲಿ ಒಡೆದಿದೆ, ಯಾವ ಕಡೆಯಿಂದ ಒಳಹೋಗಬಹುದು ಎಂಬ ವಿವರ ನಕ್ಷೆಯಲ್ಲೇ ಬರೆದಿದ್ದರೆ ಮಾತ್ರ ಯಂತ್ರ ಈ ತಪ್ಪನ್ನು ತಿದ್ದಿಕೊಳ್ಳಬಲ್ಲದು.

ಮೊಬೈಲಿನಲ್ಲಿ ಗೂಗಲ್ ಮ್ಯಾಪ್ಸ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕೇಳತಕ್ಕದ್ದೇ. ದಟ್ಟಣೆ ತಿಳಿಯಲು ಅದಕ್ಕಿಂತ ಚುರುಕಾದದ್ದು ಇಲ್ಲ, ಚಾಲಕರು ಅದನ್ನು ಬಳಸುವುದೂ ತಪ್ಪಲ್ಲ. ಆದರೆ ಖಾಸಗಿ ಕಂಪನಿಯ ನಕ್ಷೆಯಲ್ಲಿ ಒಂದು ಕ್ರಾಸ್ ತಪ್ಪಿದ್ದರೆ ಅದನ್ನು ಇಂತಿಷ್ಟು ದಿನದಲ್ಲಿ ಸರಿಪಡಿಸಿ ಎಂದು ಕೇಳುವ ಹಕ್ಕು ಆರೋಗ್ಯ ಇಲಾಖೆಗಿಲ್ಲ. ಜೊತೆಗೆ ನೆಟ್‌ವರ್ಕ್ ಮತ್ತು ಸರ್ವರ್ ಕೈಕೊಟ್ಟಾಗ ಏನು ಗತಿ ಎಂಬ ಪ್ರಶ್ನೆಯಿದೆ. 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ 108 ಸೇವೆಯೇ ರಾಜ್ಯದಾದ್ಯಂತ ಅಸ್ತವ್ಯಸ್ತವಾಗಿತ್ತು. ಎಲ್ಲವೂ ಕೇಂದ್ರದ ಒಂದು ವ್ಯವಸ್ಥೆಗೆ ಜೋತುಬಿದ್ದರೆ ಹೀಗಾಗುತ್ತದೆ. ಇಡೀ ಬೆಂಗಳೂರಿನ ರಸ್ತೆ ನಕ್ಷೆ ಸಾಧಾರಣ ಮೆಮೊರಿ ಕಾರ್ಡ್‌ನಲ್ಲಿ ಆರಾಮಾಗಿ ಹಿಡಿಸುತ್ತದೆ. ಅದು ಗಾಡಿಯೊಳಗೇ ಇರಬೇಕು, ಅದೂ ಕನ್ನಡದಲ್ಲಿ ಓದುವಂತೆ, ಕನ್ನಡದಲ್ಲಿ ಹುಡುಕುವಂತೆ.

ಇನ್ನೊಂದು ಮಾತೂ ಕೇಳಿಬರುತ್ತದೆ: ನಮ್ಮ ಡ್ರೈವರ್‌ಗಳಿಗೆ ಏರಿಯಾ ಗೊತ್ತು, ಅವರಿಗೆ ಪರದೆ ಬೇಕಿಲ್ಲ. ಈ ಮಾತಿನಲ್ಲಿ ಹುರುಳಿದೆ. ಚಂದ್ರಾ ಲೇಔಟ್‌ನಿಂದ ಕೆಂಗೇರಿವರೆಗಿನ ಸಂದುಗೊಂದು ಬಲ್ಲ ಚಾಲಕರ ಅನುಭವಕ್ಕೆ ಯಾವ ಸಾಫ್ಟ್‌ವೇರೂ ಸಾಟಿಯಿಲ್ಲ. ಆದರೆ ಪಾಳಿ ಬದಲಾಗುತ್ತದೆ, ಜನ ಕೆಲಸ ಬಿಡುತ್ತಾರೆ, ಹತ್ತಿರದ ಗಾಡಿ ಬೇರೆ ಕರೆಯಲ್ಲಿದ್ದರೆ ಯಶವಂತಪುರದ ಗಾಡಿ ನಾಗರಬಾವಿಗೆ ಬರಬೇಕಾಗುತ್ತದೆ. ಆ ಅನುಭವ ಒಬ್ಬರ ತಲೆಯಲ್ಲೇ ಉಳಿದರೆ ಅವರ ಜೊತೆಗೇ ಹೋಗುತ್ತದೆ. ‘ಈ ದಾರಿ ಮುಚ್ಚಿದೆ’, ‘ಸ್ಟ್ರೆಚರ್ ಈ ಕಡೆಯಿಂದ’ ಎಂದು ಚಾಲಕ ಒಂದು ಗುಂಡಿ ಒತ್ತಿ ಗುರುತು ಹಾಕುವಂತಿರಬೇಕು. ಆ ಗುರುತು ಮರುದಿನ ಎಲ್ಲ ಗಾಡಿಗಳ ಪರದೆಗೂ ಬರಬೇಕು. ನಕ್ಷೆಯನ್ನು ನಿಜವಾಗಿ ತಿದ್ದಬಲ್ಲವರು ಅವರೇ. ಈಗ ಅವರನ್ನು ಯಾರೂ ಕೇಳುತ್ತಿಲ್ಲ ಎಂಬುದು ನನಗೆ ಬಹಳ ಬೇಸರದ ಸಂಗತಿ.

ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆ. ಸುಮಾರು ನಾಲ್ಕು ಮೀಟರ್ ಚೌಕಕ್ಕೊಂದು ಹತ್ತಕ್ಷರದ ಸಂಕೇತ. ಒಳ್ಳೆಯ ಹೆಜ್ಜೆ, ಆದರೆ ಅದು ಜಾಗವನ್ನು ಹೇಳುತ್ತದೆ, ಅಲ್ಲಿಗೆ ಹೋಗುವ ದಾರಿಯನ್ನಲ್ಲ. ನಿಜವಾಗಿ ಬೇಕಾದ ಮಾಹಿತಿ ಸರ್ಕಾರದ ಕೈಯಲ್ಲೇ ಚೂರುಚೂರಾಗಿ ಬಿದ್ದಿದೆ. ಬಡಾವಣೆಯ ನಿವೇಶನ ನಕ್ಷೆ ಬಿಡಿಎ ಬಳಿ, ಮನೆಮನೆಯ ಮೀಟರ್ ಸಂಖ್ಯೆ ಬೆಸ್ಕಾಂ ಬಳಿ. ಇ-ಖಾತೆಗೆಂದು ಜನ ಆಸ್ತಿಯ ಫೋಟೊವನ್ನೂ ಕೊಟ್ಟಿದ್ದಾರೆ. ರಾಜ್ಯದ ಹಳ್ಳಿಹಳ್ಳಿಯ ಸರ್ವೆ ನಂಬರನ್ನು ‘ದಿಶಾಂಕ್’ ಆ್ಯಪ್‌ನಲ್ಲಿ ರೈತರ ಮೊಬೈಲಿಗೆ ತಲುಪಿಸಿದ ಸರ್ಕಾರಕ್ಕೆ ನಾಗರಬಾವಿಯ ಕ್ರಾಸುಗಳನ್ನು ಜೋಡಿಸುವುದು ಆಗದ ಕೆಲಸವೇನಲ್ಲ. 2021ರ ಫೆಬ್ರವರಿಯ ಕೇಂದ್ರ ಮಾರ್ಗಸೂಚಿ ನಕ್ಷೆ ತಯಾರಿಕೆಗಿದ್ದ ಪೂರ್ವಾನುಮತಿಯ ಕಟ್ಟುಪಾಡನ್ನೂ ತೆಗೆದುಹಾಕಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದವು. ಐದೂ ಬೇರೆ ಬೇರೆ ನಕ್ಷೆ ಇಟ್ಟುಕೊಂಡರೆ ಗಡಿ ದಾಟುವ ಆಂಬುಲೆನ್ಸ್‌ಗೆ ಈಗಿನದಕ್ಕಿಂತ ಕಷ್ಟವಾಗುತ್ತದೆ. ಐದಕ್ಕೂ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಈ ಕೆಲಸವನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು.

ಮನೆಮನೆಯ ವಿವರ ಒಂದೆಡೆ ಸೇರಿದರೆ ಅದು ದುರ್ಬಳಕೆಯಾಗದೇ ಎಂಬ ಆತಂಕ ಸಹಜ. ಆದರೆ ಗಾಡಿಗೆ ಬೇಕಾದದ್ದು ಬಾಗಿಲ ಸಂಖ್ಯೆ, ರಸ್ತೆ, ಒಳಹೋಗುವ ದಾರಿ ಇಷ್ಟೇ. ಮಾಲೀಕರ ಹೆಸರು, ತೆರಿಗೆ ಬಾಕಿ, ಫೋನ್ ಸಂಖ್ಯೆ ಯಾವುದನ್ನೂ ಆ ನಕ್ಷೆಗೆ ಸೇರಿಸಕೂಡದು ಎಂದು ಆದೇಶದಲ್ಲೇ ಬರೆಯಬಹುದು. ಮುಂದಿನ ಸಲ ಆಂಬುಲೆನ್ಸಿಗೋ ಹೊಯ್ಸಳಕ್ಕೋ ಪರದೆ ಕೊಳ್ಳುವ ಟೆಂಡರ್ ಕರೆದಾಗ ಅದರಲ್ಲಿ ಮೂರು ಷರತ್ತು ಸೇರಲಿ: ನಕ್ಷೆ ಗಾಡಿಯೊಳಗೇ ಇರಬೇಕು, ಚಾಲಕರ ತಿದ್ದುಪಡಿ ಅದಕ್ಕೆ ಸೇರಬೇಕು, ತಪ್ಪಿದ್ದರೆ ಉತ್ತರ ಕೊಡಬೇಕಾದ ಅಧಿಕಾರಿಯ ಹುದ್ದೆ ಯಾವುದೆಂದು ಬರೆದಿರಬೇಕು.