ಕಮಾಂಡ್ ಲೈನೋ ಕೋಡೋ: ಕೊನೆಯ ಮಾತು ಯಾವುದರದು?

ವೈಜ್ಞಾನಿಕ ಗಣನೆಯ ತಂತ್ರಾಂಶಕ್ಕೆ ಎರಡು ಬಗೆಯ ಸೂಚನೆ ಬೇಕು. ಯಾವ ಲೆಕ್ಕ ಮಾಡಬೇಕು ಎಂಬುದು ಒಂದು. ಅದನ್ನು ಯಾವ ವಿಧಾನದಿಂದ, ಎಷ್ಟು ನಿಖರವಾಗಿ ಮಾಡಬೇಕು ಎಂಬುದು ಇನ್ನೊಂದು. ಎರಡನೆಯದನ್ನು ಕೋಡ್‌ನೊಳಗೇ ಬರೆದಿಡಬಹುದು, ಇಲ್ಲವೇ ಪ್ರೋಗ್ರಾಮ್ ಓಡಿಸುವಾಗ ಕಮಾಂಡ್ ಲೈನ್‌ನಲ್ಲಿ ಆಯ್ಕೆಯಾಗಿ ಕೊಡಬಹುದು.

ಮಳೆ ಕಡಿಮೆಯಿರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಅಂತರ್ಜಲಕ್ಕೆ ಒಂದು ಗಣಿತ ಮಾದರಿ ಕಟ್ಟುವುದಾದರೆ, ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು ಲಕ್ಷಗಟ್ಟಲೆ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕಾಗುತ್ತದೆ. ನೀರು ಹರಿಯುವ ನಿಯಮ, ಬೋರ್‌ವೆಲ್‌ಗಳು ಮೇಲೆತ್ತುವ ನೀರು ಇವೆಲ್ಲ ಸಮಸ್ಯೆಗೇ ಸೇರಿದವು. ಬಿಡಿಸುವ ವಿಧಾನ ಹಾಗಲ್ಲ. ಗಟ್ಟಿಶಿಲೆಯ ಬಿರುಕಿನಲ್ಲಿ ನೀರು ಸಲೀಸಾಗಿ ಹರಿಯುತ್ತದೆ, ಪಕ್ಕದ ಬಂಡೆಯಲ್ಲಿ ಹರಿಯುವುದೇ ಇಲ್ಲವೆನ್ನಬಹುದು. ಈ ಅಂತರ ಹೆಚ್ಚಿದಷ್ಟೂ ವಿಧಾನಗಳು ತಡವರಿಸುತ್ತವೆ. ಯಾವುದು ಒಗ್ಗುತ್ತದೆ ಎಂಬುದು ಬಹುಮಟ್ಟಿಗೆ ಓಡಿಸಿ ನೋಡಿಯೇ ತಿಳಿಯಬೇಕಾದ ಸಂಗತಿ.

ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ ಪೆಟ್‌ಸಿ ಎಂಬ ಲೈಬ್ರರಿ ಇದನ್ನು ಮನಗಂಡೇ ರೂಪುಗೊಂಡಿದೆ. ಭೂಗರ್ಭದ ಹರಿವನ್ನು ಲೆಕ್ಕಹಾಕುವ ಪಿಫ್ಲೋಟ್ರಾನ್ ನಿಂತಿರುವುದು ಅದರ ಮೇಲೆ. ಬಳಕೆದಾರ ಏನೂ ಹೇಳದಿದ್ದರೆ ಪೆಟ್‌ಸಿ ಜಿಎಂಆರ್‌ಇಎಸ್ ವಿಧಾನ ಹಿಡಿದು, ಸಮೀಕರಣಗಳಲ್ಲಿ ಉಳಿದ ಶೇಷ (ರೆಸಿಡ್ಯುಯಲ್) ಲಕ್ಷದಲ್ಲಿ ಒಂದು ಪಾಲಿಗೆ ಇಳಿದಾಗ ನಿಲ್ಲುತ್ತದೆ. ಬೇರೆ ವಿಧಾನ ಬೇಕಾದರೆ ಆಯ್ಕೆ ಬದಲಿಸಿದರೆ ಸಾಕು, ಕೋಡ್ ಮುಟ್ಟಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 2022ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗದಂಥ ಯಂತ್ರಗಳಲ್ಲಿ ಕೆಲಸವೆಲ್ಲ ಸರದಿಯಲ್ಲಿ ನಿಲ್ಲುತ್ತದೆ. ಅಲ್ಲಿ ಒಂದೇ ಸ್ಕ್ರಿಪ್ಟ್‌ನಿಂದ ಹಲವು ವಿಧಾನಗಳನ್ನು ಪರೀಕ್ಷಿಸಬಹುದು. ಮತ್ತೆ ಕಂಪೈಲ್ ಮಾಡುವ ಶ್ರಮ ಉಳಿಯುವುದು ಸಣ್ಣ ಲಾಭ. ಒಂದೆರಡು ಸಾಲಷ್ಟೇ ಬೇರೆಯಾದ ಕೋಡ್‌ನ ಹತ್ತು ಪ್ರತಿಗಳು ಹುಟ್ಟಿಕೊಳ್ಳುವುದಿಲ್ಲ ಎಂಬುದೇ ದೊಡ್ಡದು.

ಆದರೆ ಹೊರಗಿನ ಆಯ್ಕೆ ಮರೆತುಹೋಗುತ್ತದೆ. ಆರು ತಿಂಗಳ ಮೇಲೆ ಫಲಿತಾಂಶದ ಕಡತ ಕೈಯಲ್ಲಿರುತ್ತದೆ, ಅದನ್ನು ತಂದ ಆಜ್ಞೆ ಇರುವುದಿಲ್ಲ. ಮೊಳಕಾಲ್ಮೂರು ತಾಲೂಕಿನ ಸಿದ್ದಾಪುರ, ಬ್ರಹ್ಮಗಿರಿಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಅಶೋಕನ ಕಿರು ಶಿಲಾಶಾಸನಗಳು ಇಲ್ಲಿ ನೆನಪಾಗುತ್ತವೆ. ಧರ್ಮಾಜ್ಞೆಯ ತಿರುಳು ಬೇರೆ ಊರುಗಳಲ್ಲೂ ಇದೆ. ಇಲ್ಲಿ ಮಾತ್ರ, ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕುಶಲ ಕೇಳಿ ಬರೆದ ರವಾನೆಯ ಒಕ್ಕಣೆಯನ್ನೂ ಕಲ್ಲಿಗೆ ಕೆತ್ತಿಬಿಟ್ಟಿದ್ದಾರೆ. ಆಡಳಿತದ ದೃಷ್ಟಿಗೆ ಅದು ಅನವಶ್ಯಕ. ಆ ಆಜ್ಞೆ ಎಲ್ಲಿಂದ ಯಾರಿಗೆ ಬಂತೆಂದು ಇಂದು ತಿಳಿಯುವುದು ಅದರಿಂದಲೇ. ಪ್ರೋಗ್ರಾಮ್ ಕೂಡ ತಾನು ಪಡೆದ ಆಯ್ಕೆಗಳನ್ನೆಲ್ಲ ಫಲಿತಾಂಶದ ಜೊತೆ ಅಚ್ಚುಹಾಕಬೇಕು. ಪೆಟ್‌ಸಿಯಲ್ಲಿ ಅದಕ್ಕೆ ಸೌಲಭ್ಯವಿದೆ. ಕಾಗುಣಿತ ತಪ್ಪಿ ಬಳಕೆಯಾಗದೆ ಉಳಿದ ಆಯ್ಕೆಗಳನ್ನು ತೋರಿಸುವ ಸೌಲಭ್ಯವೂ ಇದೆ. ಅದನ್ನು ಬಳಸದವರು ತಾವು ಪರೀಕ್ಷಿಸದ ವಿಧಾನದ ಬಗ್ಗೆ ತೀರ್ಮಾನ ಬರೆಯುವ ಅಪಾಯವಿದೆ. ಹವಾಮಾನ ಮಾದರಿ ಡಬ್ಲ್ಯುಆರ್‌ಎಫ್ ನಡುವಿನ ದಾರಿ ಹಿಡಿದಿದೆ: ಸೂಚನೆಗಳು ನೇಮ್‌ಲಿಸ್ಟ್ ಎಂಬ ಕಡತದಲ್ಲಿರುತ್ತವೆ. ಆ ಕಡತವನ್ನು ಜೋಪಾನ ಮಾಡಿದರೆ ದಾಖಲೆಯೂ ಆಯಿತು.

ಎರಡೂ ಕಡೆ ಸೂಚನೆ ಇದ್ದಾಗ ಗೆಲ್ಲುವುದು ಯಾವುದು? ಪೆಟ್‌ಸಿಯಲ್ಲಿ ಅದು ಕ್ರಮವನ್ನು ಅವಲಂಬಿಸಿದೆ. ಆಯ್ಕೆಗಳನ್ನು ಓದುವ ಕರೆಗಿಂತ ಮುಂಚೆ ಕೋಡ್‌ನಲ್ಲಿ ಬರೆದದ್ದು ಕೇವಲ ಡಿಫಾಲ್ಟ್. ಆಮೇಲೆ ಬರೆದದ್ದು ಬಳಕೆದಾರನ ಮಾತನ್ನು ಸದ್ದಿಲ್ಲದೆ ಅಳಿಸುತ್ತದೆ. ಆ ಕರೆಯೇ ಇಲ್ಲದಿದ್ದರೆ ಆಯ್ಕೆ ಕೊಟ್ಟೂ ಪ್ರಯೋಜನವಿಲ್ಲ. ಆದ್ದರಿಂದ ಲೇಖಕನ ಇಷ್ಟಾನಿಷ್ಟಗಳು ಆ ಕರೆಯ ಮುಂಚೆ ಇರುವುದೇ ಸರಿ.

ಲೆಕ್ಕದ ಸಾಧುತ್ವವೇ ಅಲುಗಾಡುವ ಕಡೆ ಮಾತ್ರ ಕೋಡ್ ಕೊನೆಯ ಮಾತು ಆಡಬೇಕು. ಕಾಂಜುಗೇಟ್ ಗ್ರೇಡಿಯಂಟ್ ವಿಧಾನಕ್ಕೆ ಸಮಮಿತ ಮಾತೃಕೆ ಬೇಕು; ನೀರಿನ ಮಟ್ಟವನ್ನಷ್ಟೇ ಕೇಳುವ ಸರಳ ಮಾದರಿಯಲ್ಲಿ ಅದು ಸಿಗುತ್ತದೆ. ನೀರಿನೊಡನೆ ಫ್ಲೋರೈಡ್ ಸಾಗುವುದನ್ನೂ ಸೇರಿಸಿದರೆ ಸಾಮಾನ್ಯವಾಗಿ ಸಮಮಿತಿ ಉಳಿಯುವುದಿಲ್ಲ. ಆಗ ಆ ಆಯ್ಕೆ ಕೊಟ್ಟವನಿಗೆ ಪ್ರೋಗ್ರಾಮ್ ಗುಟ್ಟಾಗಿ ಬೇರೆ ವಿಧಾನ ಹಚ್ಚಬಾರದು. ಕಾರಣ ಹೇಳಿ ನಿಂತುಬಿಡಬೇಕು.